ಕನ್ನಡಕ ತೆಗೆಸುತ್ತಿದ್ದವರ ಹೊಸ ಕ್ಯಾಮೆರಾ

ನಮ್ಮ ಭಾವನಿಗೆ ಊರಿನವರು ಇಟ್ಟ ಹೆಸರು 'ಕನ್ನಡಕ ತೆಗೀರಿ'. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಬಸ್ ನಿಲ್ದಾಣದಲ್ಲಿ ಇಳಿದು ಫೋಟೋ ಸ್ಟುಡಿಯೋ ಎಲ್ಲಿದೆ ಎಂದು ವಿಚಾರಿಸಿದರೆ, "ಯಾವ್ದು, ಕನ್ನಡಕ ತೆಗೀರಿ ಸ್ಟುಡಿಯೋನಾ?" ಎಂದು ಕೇಳಿಯೇ ದಾರಿ ತೋರಿಸುತ್ತಾರೆ. ಇಪ್ಪತ್ತನಾಲ್ಕು ವರ್ಷಗಳಿಂದ ಅವರು ಮುಖದ ಫೋಟೋಗಳನ್ನೇ ತೆಗೆಯುತ್ತಿದ್ದಾರೆ. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳುವ ಮೊದಲ ಮಾತೇ ಅದು. ಗಾಜಿನ ಮೇಲೆ ದೀಪ ಹೊಳೆಯುತ್ತದೆ ಎನ್ನುವುದು ಅವರು ಕೊಡುವ ಕಾರಣ. ಹೀಗಾಗಿ ಸ್ಟುಡಿಯೋದ ಗೋಡೆಯ ಮೇಲಿರುವ ಅರ್ಧದಷ್ಟು ಗಣ್ಯರು, ತಮ್ಮನ್ನು ಯಾರೋ ಕರೆದಂತಾಯಿತಲ್ಲ, ಯಾವ ಕಡೆಯಿಂದ ಎಂದು ಯೋಚಿಸುತ್ತಿರುವವರಂತೆ ಕಾಣುತ್ತಾರೆ. ಪ್ರತಿಯೊಬ್ಬರ ಮೂಗಿನ ಎರಡೂ ಬದಿಗೆ ಒಂದೊಂದು ಸಣ್ಣ ಗುಳಿ.

ಈ ಅಡ್ಡಹೆಸರನ್ನು ಇಟ್ಟವರು ಎದುರು ಸಾಲಿನ ಕನ್ನಡಕದ ಅಂಗಡಿಯವರು ಎಂದು ಭಾವನ ಗುಮಾನಿ. ಇದ್ದರೂ ಇರಬಹುದು. ತಾವು ಆರಿಸಿ, ತಿದ್ದಿ, ಮೂಗಿಗೆ ಕೂರಿಸಿ ಕಳಿಸಿದ ಕನ್ನಡಕವನ್ನು ರಸ್ತೆ ದಾಟಿದ ಐದನೇ ನಿಮಿಷಕ್ಕೆ ತೆಗೆಸಿ ಮೇಜಿನ ಮೇಲಿಡುವ ಮನುಷ್ಯನ ಮೇಲೆ ಅವರಿಗೆ ಅಷ್ಟು ಕೋಪ ಬರುವುದು ನ್ಯಾಯವೇ.

ನಾನು ಭಾವನ ಹೆಂಡತಿಯ ತಮ್ಮ. ತಕ್ಕಡಿ, ಉಷ್ಣಮಾಪಕಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಈ ಕಥೆಯಲ್ಲಿ ನನ್ನ ಪಾತ್ರ ಒಂದು ಅಳತೆ ಟೇಪಿನಷ್ಟು ಮಾತ್ರ.

ಕಥೆ ಶುರುವಾದದ್ದು ಹನ್ನೆರಡು ಫೋಟೋಗಳು ವಾಪಸು ಬಂದಾಗ. ಊರಿನ ದೊಡ್ಡ ಆಸ್ಪತ್ರೆಯವರು ತಮ್ಮ ಮೂವತ್ತೆಂಟು ಸಿಬ್ಬಂದಿಯ ಚಿತ್ರಗಳನ್ನು ಮುಂಬಾಗಿಲ ಗೋಡೆಯ ಮೇಲೆ ಸಾಲಾಗಿ ಹಾಕಬೇಕೆಂದು ಭಾವನಿಗೆ ಕೆಲಸ ಒಪ್ಪಿಸಿದ್ದರು. ಮೊದಲ ಹನ್ನೆರಡನ್ನು ನೋಡಿದ ಆಡಳಿತಾಧಿಕಾರಿ ಒಂದು ಚೀಟಿ ಅಂಟಿಸಿ ಕಳಿಸಿದರು: 'ಕಿವಿಗಳು ಸ್ಪಷ್ಟವಾಗಿವೆ. ಕಣ್ಣುಗಳು ಇಲ್ಲ. ಮುಂದಿನ ಗುರುವಾರ ಎಲ್ಲರನ್ನೂ ಮತ್ತೆ ತೆಗೆಯಿರಿ. ಅದೇ ಕೊನೆ.'

ಭಾವ ಆ ಚೀಟಿಯನ್ನು ಕೈ ನೀಡಿ ದೂರ ಹಿಡಿದು ಎರಡು ಸಲ ಓದಿದರು. ಊರಿನ ಪ್ರತಿಯೊಬ್ಬನೂ ವರ್ಷಕ್ಕೆ ಒಮ್ಮೆಯಾದರೂ ಹಾದುಹೋಗುವ ಬಾಗಿಲು ಅದು. ಪ್ರತಿ ಚಿತ್ರದ ಕೆಳಮೂಲೆಯಲ್ಲಿ ತಮ್ಮ ಸ್ಟುಡಿಯೋದ ಮುದ್ರೆ ಇರುತ್ತದೆ. ಆ ಗೋಡೆ ಚೆನ್ನಾಗಿ ಬಂದರೆ ಇಪ್ಪತ್ತನಾಲ್ಕು ವರ್ಷದ ಹೆಸರು ಅಲ್ಲಿ ನಿಲ್ಲುತ್ತದೆ. ಕೆಟ್ಟರೆ ಕೆಟ್ಟದ್ದೂ ಅಲ್ಲೇ ನಿಲ್ಲುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಕ್ಯಾಮೆರಾಗೆ ವಯಸ್ಸಾಯ್ತು," ಎಂದರು.

"ಯಾರಿಗೆ?" ಎಂದಳು ಅಕ್ಕ.

ಅಲ್ಲಿಂದಾಚೆ ಮನೆಯಲ್ಲಿ ಬೇರೆ ಮಾತಿಲ್ಲ. ಭಾವ ಉದ್ದನೆಯ ನೋಟ್‌ಬುಕ್ ಒಂದನ್ನು ತಂದು, ಮೊದಲ ಪುಟದಲ್ಲಿ 'ನಿರ್ಧಾರ' ಎಂದು ಬರೆದು ಎರಡು ಗೆರೆ ಎಳೆದರು. ನಾಲ್ಕು ಹೊಸ ಕ್ಯಾಮೆರಾಗಳು, ಹಳೆಯದು ಒಂದು. ಒಟ್ಟು ನೂರು ಅಂಕ. ಚರ್ಮದ ಬಣ್ಣಕ್ಕೆ ಇಪ್ಪತ್ತು, ಹಿಡಿತಕ್ಕೆ ಹತ್ತು, ಹೀಗೆ. ಮೊದಲ ಲೆಕ್ಕದಲ್ಲಿ ಹಳೆಯ ಕ್ಯಾಮೆರಾವೇ ಗೆದ್ದಿತು. ಭಾವನ ಮುಖ ಸಪ್ಪಗಾಯಿತು. ಮರುದಿನ 'ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಶಕ್ತಿ' ಎಂಬ ಹೊಸ ಕಾಲಂ ಬಂದು, ಅದಕ್ಕೆ ಮೂವತ್ತು ಅಂಕ ಸಿಕ್ಕಿತು. ಆಗಲೂ ಅವರು ಮನಸ್ಸಿನಲ್ಲಿ ಮೆಚ್ಚಿದ್ದ ಕ್ಯಾಮೆರಾ ಎರಡನೇ ಸ್ಥಾನದಲ್ಲೇ ಉಳಿದದ್ದರಿಂದ ಹಿಡಿತದ ಅಂಕಗಳನ್ನು ನಾಲ್ಕಕ್ಕೆ ಇಳಿಸಿದರು. ಮೂರನೆಯ ದಿನ ಫಲಿತಾಂಶ ಸರಿಯಾಗಿ ಬಂತು. ಪ್ರಯೋಗಾಲಯದಲ್ಲಿ ನಾನು ಹೀಗೆ ಮಾಡಿದ್ದರೆ ಕೆಲಸ ಹೋಗುತ್ತಿತ್ತು.

ಇಷ್ಟು ಸಾಲದೆಂಬಂತೆ ಫೋನಿನಲ್ಲಿ ಕ್ಯಾಮೆರಾ ಪಂಡಿತರ ವಿಡಿಯೋಗಳು. ಊಟದ ತಟ್ಟೆಯ ಪಕ್ಕದಲ್ಲಿ ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡು ನೋಡುತ್ತಿದ್ದರು.

"ಅಷ್ಟು ದೂರದಿಂದ ತುತ್ತು ಬಾಯಿಗೆ ಬರೋಷ್ಟರಲ್ಲಿ ಆರಿ ಹೋಗುತ್ತೆ," ಎಂದಳು ಅಕ್ಕ. "ಹತ್ರ ಬಂದ್ರೆ ಅವನೇನು ಕಚ್ಚಲ್ಲ."

"ದೂರದಿಂದ ನೋಡಿದ್ರೇನೇ ಪೂರ್ತಿ ಚಿತ್ರ ತಿಳಿಯೋದು."

"ಹಾಗಾದ್ರೆ, ಗಂಡು ನೋಡೋಕೆ ಬಂದಾಗ ನಮ್ಮಪ್ಪ ಇನ್ನೊಂದು ಸ್ವಲ್ಪ ದೂರ ನಿಂತ್ಕೋಬೇಕಿತ್ತು."

ನಾನು ಅಳತೆ ಟೇಪ್ ತಂದದ್ದು ಮುಂದಿನ ಭಾನುವಾರ ಬೆಳಿಗ್ಗೆ. ಮೇಜಿನ ಮೇಲೆ ಟೇಪನ್ನು ಉದ್ದಕ್ಕೆ ಬಿಡಿಸಿ, ಕ್ಯಾಮೆರಾವನ್ನು ಓರೆಯಾಗಿ ಸ್ಟ್ಯಾಂಡಿಗೆ ಕೂರಿಸಿದೆ. ಐವತ್ತು ಸೆಂಟಿಮೀಟರಿನ ಗೆರೆಗೆ ಫೋಕಸ್ ಮಾಡಬೇಕು. ಫೋಟೋದಲ್ಲಿ ಯಾವ ಗೆರೆ ಸ್ಪಷ್ಟವಾಗಿ ಬಂದಿದೆ ಎಂದು ನೋಡಬೇಕು. ಭಾವ ತಮ್ಮ ಗುರುಗಳು ಕೊಟ್ಟ ಹಳೆಯ ಲೆನ್ಸನ್ನೇ ಬಳಸುತ್ತಾರೆ. ಅದಕ್ಕೆ ತಾನಾಗಿ ಫೋಕಸ್ ಮಾಡಲು ಬರುವುದಿಲ್ಲ. ವ್ಯೂಫೈಂಡರಿನ ಕಿಂಡಿಯಲ್ಲಿ ನೋಡುತ್ತ ಕೈಯಿಂದಲೇ ತಿರುಗಿಸಬೇಕು. ಅದು ಅವರ ಹೆಮ್ಮೆ ಕೂಡ.

ಭಾವ ಐದು ಸಲ ತೆಗೆದರು. ಸ್ಪಷ್ಟವಾಗಿ ಬಂದ ಗೆರೆಗಳು: 54, 53, 55, 54, 54. ಪ್ರತಿ ಸಲವೂ ಸುಮಾರು ನಾಲ್ಕು ಸೆಂಟಿಮೀಟರ್ ಹಿಂದೆ; ಸ್ಟೂಲಿನಷ್ಟು ದೂರಕ್ಕೆ ಅದೇ ತಪ್ಪು ಕಣ್ಣಿನಿಂದ ಕಿವಿಯವರೆಗೆ ಬೆಳೆಯುತ್ತದೆ.

ನಾನು ಕನ್ನಡಕ ಹಾಕಿಕೊಂಡೇ ಐದು ಸಲ ತೆಗೆದೆ: 50, 50, 51, 50, 50.

"ಅರ್ಥ ಆಯ್ತಾ ಭಾವ?"

"ಆಯ್ತು. ನೀನು ಮುಟ್ಟಿದ್ರೆ ಅದು ಹೆದರ್ಕೊಂಡು ನೆಟ್ಟಗೆ ಕೆಲ್ಸ ಮಾಡುತ್ತೆ. ಇನ್ಸ್‌ಪೆಕ್ಟರ್ ಬಂದ ದಿನ ಮಕ್ಕಳು ಪಾಠ ಒಪ್ಪಿಸಿದ ಹಾಗೆ."

"ಕ್ಯಾಮೆರಾಗೆ ಏನೂ ಆಗಿಲ್ಲ. ನಿಮ್ಗೆ ಚಾಳೀಸು ಬಂದಿದೆ. ಐವತ್ತೊಂದು ವರ್ಷಕ್ಕೆ ಎಲ್ಲರಿಗೂ ಬರುತ್ತೆ."

"ನನಗಾ? ಆ ಕಡೆ ಅಂಗಡಿ ಬೋರ್ಡಲ್ಲಿ ಫೋನ್ ನಂಬರ್ ಓದ್ಲಾ?" ಎಂದು ಓದಿಯೂ ಬಿಟ್ಟರು. ಕನ್ನಡಕದ ಅಂಗಡಿಯ ನಂಬರು. ಒಂದೂ ತಪ್ಪಿಲ್ಲ. ದೂರದ್ದಕ್ಕೆ ಅವರದು ಹದ್ದಿನ ಕಣ್ಣು. ಹತ್ತಿರದ್ದು ಮಾತ್ರ ಅವರ ಕಣ್ಣಿಗೆ ಬೀಳುವುದಿಲ್ಲ, ತಮ್ಮ ದೋಷವೂ ಸೇರಿದಂತೆ.

ವ್ಯೂಫೈಂಡರಿನ ಪಕ್ಕದಲ್ಲಿ ಒಂದು ಸಣ್ಣ ತಿರುಪು ಇರುತ್ತದೆ. ನೋಡುವವರ ಕಣ್ಣಿಗೆ ತಕ್ಕಂತೆ ಅದನ್ನು ತಿರುಗಿಸಿಕೊಳ್ಳಬಹುದು. ಭಾವನ ಕ್ಯಾಮೆರಾದಲ್ಲಿ ಅದರ ಮೇಲೆ ಕಪ್ಪು ಟೇಪ್ ಸುತ್ತಿತ್ತು. ಒಂಬತ್ತು ವರ್ಷಗಳ ಹಿಂದೆ, ಕ್ಯಾಮೆರಾ ಕೊಂಡ ವಾರವೇ, ಅಲುಗದಿರಲಿ ಎಂದು ತಾವೇ ಸುತ್ತಿದ್ದರು. ಕಣ್ಣು ಒಂಬತ್ತು ವರ್ಷ ಮುಂದೆ ಹೋಗಿತ್ತು, ತಿರುಪು ಅಲ್ಲೇ ನಿಂತಿತ್ತು. ಅದನ್ನು ಬಿಚ್ಚೋಣ ಎಂದೆ. ಯಾರದೋ ಗಾಯದ ಬ್ಯಾಂಡೇಜನ್ನು ಬಿಚ್ಚಲು ಹೊರಟವನನ್ನು ತಡೆಯುವಂತೆ ನನ್ನನ್ನು ತಡೆದರು.

"ಒಂದು ಕನ್ನಡಕ ತಗೊಂಡ್ರೆ ಮುಗೀತಲ್ಲ," ಎಂದಳು ಅಕ್ಕ. "ಅದಕ್ಕೋಸ್ಕರ ಕ್ಯಾಮೆರಾನೇ ಬದಲಾಯಿಸ್ತಾರಾ?"

"ಮುಖದ ಫೋಟೋ ತೆಗೆಯೋನಿಗೂ ಮುಖಕ್ಕೂ ನಡುವೆ ಗಾಜು ಇರಬಾರ್ದು."

"ಲೆನ್ಸ್ ಅಂದ್ರೆ ಏನು, ಹಲಗೆನಾ?"

ಭಾವ ಎದ್ದು ಹೋಗಿ ಕ್ಯಾಮೆರಾ ಅಂಗಡಿಗೆ ಫೋನ್ ಮಾಡಿದರು. ಗುರುವಾರ ಬೆಳಿಗ್ಗೆ ಎರಡು ದಿನದ ಮಟ್ಟಿಗೆ ಹೊಸ ಕ್ಯಾಮೆರಾ, ಅದರದೇ ಲೆನ್ಸಿನೊಂದಿಗೆ, ಪರೀಕ್ಷೆಗೆ ಕೊಡುವುದಾಗಿ ಅಂಗಡಿಯವರು ಒಪ್ಪಿದರು. ಶನಿವಾರದೊಳಗೆ ಕೊಳ್ಳುತ್ತೀರೋ ಇಲ್ಲವೋ ಹೇಳಬೇಕು. ಎದುರಿನ ಅಂಗಡಿಗೆ ಹದಿನೆಂಟು ಹೆಜ್ಜೆ. ಆ ಹದಿನೆಂಟು ಹೆಜ್ಜೆ ಇಡದಿರಲು ಒಬ್ಬ ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂಬುದನ್ನು ನಾನು ಆ ವಾರ ಅಳೆದೆ.

ಗುರುವಾರ ದೀಪದ ಸ್ಟ್ಯಾಂಡು ಹೊರಲು ನಾನೂ ಹೋದೆ. ಆಸ್ಪತ್ರೆಯ ಸಭಾಕೋಣೆಯಲ್ಲಿ ಜಾಗ ಕೊಟ್ಟಿದ್ದರು. ಭಾವ ಬೂದುಬಣ್ಣದ ಪರದೆ ಕಟ್ಟಲು ಹೊರಟಾಗ ಆಡಳಿತಾಧಿಕಾರಿ ತಡೆದರು.

"ಪರದೆ ಬೇಡ. ಸಂಸ್ಥಾಪಕರ ಫೋಟೋ ಹಿಂದೆ ಕಾಣಿಸ್ಬೇಕು. ಎಲ್ಲರ ಹಿಂದೆಯೂ."

ಗೋಡೆಯ ಮೇಲೆ ಸಂಸ್ಥಾಪಕರು ಚಿನ್ನದ ಬಣ್ಣದ ಚೌಕಟ್ಟಿನಲ್ಲಿ ದೊಡ್ಡದಾಗಿ ಕೂತಿದ್ದರು. ಕೂತವರ ತಲೆಯ ಪಕ್ಕದಲ್ಲಿ, ಬಲಕ್ಕೆ, ಅವರ ಮುಖ.

"ಅವರು ಸ್ವಲ್ಪ ಮಸುಕಾಗಿ ಬರ್ತಾರೆ ಸರ್. ಫೋಕಸ್ ಕೂತಿರೋರ ಮೇಲಿರುತ್ತೆ," ಎಂದರು ಭಾವ. ಆಮೇಲೆ ಹೊಸ ಕ್ಯಾಮೆರಾ ಎತ್ತಿ ತೋರಿಸಿ, "ಇದು ಕಣ್ಣನ್ನ ತಾನೇ ಹುಡುಕುತ್ತೆ ಸರ್. ನಾವು ತಪ್ಪು ಮಾಡ್ಬೇಕು ಅಂದ್ರೂ ಬಿಡಲ್ಲ," ಎಂದರು.

ಮೊದಲು ಬಂದವರು ಹಿರಿಯ ನರ್ಸ್. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಾರೆ, ಬೇರೆ ನರ್ಸುಗಳಿಗೆ ಸಿಸ್ಟರ್ ಎನ್ನುವಾಗ ಅಷ್ಟು ಭಯ ಇರುವುದಿಲ್ಲ. ದಪ್ಪ ಚೌಕಟ್ಟಿನ ಕನ್ನಡಕ. ಕೂತರು, ಬೆನ್ನು ನೆಟ್ಟಗೆ ಮಾಡಿಕೊಂಡರು.

"ಕನ್ನಡಕ ತೆಗೀರಿ," ಎಂದರು ಭಾವ.

"ತೆಗೆಯಲ್ಲ."

"ದೀಪ ಹೊಳೆಯುತ್ತೆ ಸಿಸ್ಟರ್."

"ಹೊಳೀಲಿ. ರೋಗಿ ಕಡೆಯವರು ಆ ಗೋಡೆ ನೋಡ್ಕೊಂಡು ನನ್ನ ಹುಡುಕ್ತಾರೆ. ನನ್ನ ಮುಖದಲ್ಲಿ ಅವರು ಗುರುತಿಟ್ಕೊಳ್ಳೋದು ಇದೊಂದೇ. ಇದನ್ನ ತೆಗೆದ್ರೆ ನಮ್ಮ ಮನೆಯವರೇ 'ಯಾರು ಬೇಕಿತ್ತು' ಅಂತಾರೆ."

ಭಾವ ಗಂಟುಮುಖ ಹಾಕಿಕೊಂಡು ಹಾಗೆಯೇ ತೆಗೆದರು. ಆಮೇಲೆ ಮುಂದಿನವರ ಹೆಸರಿಗಾಗಿ ಪಟ್ಟಿಯನ್ನು ಕೈ ನೀಡಿ ಹಿಡಿದರು. ಸಾಲದಾಯಿತು, ತಲೆಯನ್ನೂ ಹಿಂದಕ್ಕೆ ವಾಲಿಸಿದರು. ಬಾಗಿಲ ಬಳಿ ನಿಂತ ಸಿಸ್ಟರ್ ಅದನ್ನು ನೋಡಿದರು.

"ನಿಮ್ಮ ಕೈ ಇನ್ನೊಂದರ್ಧ ಅಡಿ ಉದ್ದ ಇರ್ಬೇಕಿತ್ತು, ಅಲ್ವಾ?"

ಭಾವ ಕೇಳಿಸದವರಂತೆ ಮುಂದಿನ ಹೆಸರು ಕೂಗಿದರು. ಮೂವತ್ತೆಂಟು ಜನ ಬಂದು ಹೋದರು. ಪ್ರತಿ ಸಲವೂ ಕ್ಯಾಮೆರಾ ಪಿಂ ಎಂದು ಸದ್ದು ಮಾಡಿ ಒಂದು ಹಸಿರು ಚೌಕ ತೋರಿಸುತ್ತಿತ್ತು. ಕಣ್ಣು ಸಿಕ್ಕಿತು ಎಂದು ಅದರ ಅರ್ಥ. ಭಾವನಿಗೆ ಆ ಪಿಂ ಕೇಳುತ್ತಿತ್ತು. ಹಸಿರು ಏನೋ ಇದೆ ಎಂಬುದೂ ಕಾಣುತ್ತಿತ್ತು. ಎಲ್ಲಿದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ. ಮಧ್ಯೆ ಒಮ್ಮೆ ಹಿಂದಿನ ಪುಟ್ಟ ತೆರೆಯನ್ನು ನೋಡಿ, "ಫಸ್ಟ್ ಕ್ಲಾಸ್," ಎಂದರು. ನನಗೆ ತೋರಿಸಲಿಲ್ಲ. ಟೇಪಿನ ಪ್ರಸಂಗದ ನಂತರ ಕ್ಯಾಮೆರಾವನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ.

ಮಧ್ಯಾಹ್ನ ಸ್ಟುಡಿಯೋದ ದೊಡ್ಡ ಕಂಪ್ಯೂಟರ್ ಪರದೆಯಲ್ಲಿ ಫೋಟೋಗಳು ಒಂದೊಂದಾಗಿ ಬಿಚ್ಚಿಕೊಂಡವು. ಪರದೆ ಮೂರು ಅಡಿ ದೂರದಲ್ಲಿತ್ತು, ಹಾಗಾಗಿ ಭಾವನಿಗೂ ಸ್ಪಷ್ಟವಾಗಿಯೇ ಕಂಡಿತು.

ಸಂಸ್ಥಾಪಕರು ಅದ್ಭುತವಾಗಿ ಬಂದಿದ್ದರು. ಹುಬ್ಬಿನ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು. ಚೌಕಟ್ಟಿನ ಗಾಜಿನ ಮೇಲೆ ಕೂತಿದ್ದ ಧೂಳಿನ ಕಣ ಕೂಡ ಮೂವತ್ತೆಂಟು ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಸ್ಫುಟವಾಗಿತ್ತು. ಅವರ ಪಕ್ಕದಲ್ಲಿ ಮೂವತ್ತೆಂಟು ಜನ ಮಂಜಿನಲ್ಲಿ ಕರಗಿದಂತೆ ಕೂತಿದ್ದರು. ಡಾಕ್ಟರು ಯಾರು, ಲಿಫ್ಟಿನವರು ಯಾರು ಎಂದು ಹೇಳಲು ಅಂಗಿಯ ಬಣ್ಣವೊಂದೇ ಆಧಾರ.

ನಾನು ಭಾವನನ್ನು ಕೇಳದೆಯೇ ಕ್ಯಾಮೆರಾ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಹಿಂದಿನ ತೆರೆಯ ಬಲಭಾಗದಲ್ಲಿ ಒಂದು ಎಣ್ಣೆಯ ಗುರುತು. ಅಗಲ ಸುಮಾರು ಹದಿನೈದು ಮಿಲಿಮೀಟರ್, ಅಂಡಾಕಾರ.

"ಭಾವ, ನೀವು ಎಡಗಣ್ಣಲ್ಲಿ ನೋಡ್ತೀರಲ್ವಾ? ಹಾಗೇ ಒಂದ್ಸಲ ಹಿಡ್ಕೊಳ್ಳಿ."

ಹಿಡಿದರು. ಅವರ ಮೂಗಿನ ತುದಿ ನೇರವಾಗಿ ಹೋಗಿ ಆ ಗುರುತಿನ ಮೇಲೆ ಕೂತಿತು.

ಈ ಕ್ಯಾಮೆರಾದ ತೆರೆ ಫೋನಿನಂತೆ. ಎಲ್ಲಿ ಮುಟ್ಟುತ್ತೇವೋ ಅಲ್ಲಿರುವ ಮುಖಕ್ಕೆ ಫೋಕಸ್ ಹೋಗುತ್ತದೆ. ಕ್ಯಾಮೆರಾ ತಾನಾಗಿ ಎದುರಿನವರ ಕಣ್ಣನ್ನೇ ಹುಡುಕುತ್ತಿತ್ತು. ಭಾವನ ಮೂಗು ಪ್ರತಿ ಸಲವೂ ಬಲಕ್ಕೆ ಒತ್ತಿ, ಬೇಡ, ಆ ಗೋಡೆಯವರನ್ನು ನೋಡು ಎಂದು ತಿದ್ದುತ್ತಿತ್ತು. ಮೂವತ್ತೆಂಟು ಸಲ. ಯಾವ ಚೌಕ ಯಾರ ಮೇಲಿದೆ ಎಂದು ಕಂಡಿದ್ದರೆ ಎರಡನೇ ಫೋಟೋದಲ್ಲೇ ತಿಳಿಯುತ್ತಿತ್ತು.

ಅಕ್ಕ ಒಳಗಿನಿಂದ ಬಂದು ಇದನ್ನೆಲ್ಲ ಕೇಳಿದಳು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಗಲಿಲ್ಲ. "ಎಲ್ಲದರಲ್ಲೂ ಮೂಗು ತೂರಿಸ್ಬೇಡಿ ಅಂತ ಎಷ್ಟು ವರ್ಷದಿಂದ ಬಡ್ಕೋತಿದೀನಿ. ಕೇಳಿದ್ರಾ?" ಎಂದು ಹೊಟ್ಟೆ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಭಾವನಿಗೆ ನಿಜವಾದ ಪೆಟ್ಟು ಬಿದ್ದದ್ದು ಮರುದಿನ. ತಲೆ ತಗ್ಗಿಸಿಕೊಂಡು ಆಸ್ಪತ್ರೆಗೆ ಹೋಗಿ ಚಿತ್ರಗಳನ್ನು ತೋರಿಸಿದರು. ಆಡಳಿತಾಧಿಕಾರಿ ಒಂದೊಂದನ್ನೂ ನಿಧಾನವಾಗಿ ನೋಡಿ ತಲೆದೂಗಿದರು.

"ಸಂಸ್ಥಾಪಕರು ಬಹಳ ಚೆನ್ನಾಗಿ ಬಂದಿದ್ದಾರೆ. ನೋಡಿ, ಇದು ಕೆಲ್ಸ ಅಂದ್ರೆ."

"ಉಳಿದವರು ಸರ್..."

"ಉಳಿದವರೂ ಇದ್ದಾರಲ್ಲ. ಇದನ್ನೇ ಹಾಕ್ಸಿ."

ಭಾವ ಮನೆಗೆ ಬಂದು ಚಪ್ಪಲಿ ಬಿಡದೆಯೇ ಕುರ್ಚಿಯಲ್ಲಿ ಕೂತರು. ಕೆಲಸ ಒಪ್ಪಿಗೆಯಾಗಿತ್ತು. ಗೋಡೆ ಕೈತಪ್ಪಲಿಲ್ಲ. ಹೊಸ ಕ್ಯಾಮೆರಾ ಕೊಳ್ಳಲು ಇನ್ನು ಅಡ್ಡಿ ಇಲ್ಲ. ಮೂಗಿಗೆ ಒಂದು ಉಪಾಯ ಹುಡುಕಿದರಾಯಿತು. ಆದರೆ ಅವರಿಗೆ ಚಿತ್ರ ಕಾಣಿಸತೊಡಗಿತ್ತು: ಮೂವತ್ತೆಂಟು ಮಂಜುಮುಖಗಳು, ಪ್ರತಿಯೊಂದರ ಕೆಳಗೂ ತಮ್ಮ ಮುದ್ರೆ, ಅದರೆದುರು ಇಡೀ ಊರು. ಅಕ್ಕ ಕಾಫಿ ತಂದಿಟ್ಟು ಹೋದಳು.

ಸಂಜೆ ಐದಕ್ಕೆ ಸಿಸ್ಟರ್ ಸ್ಟುಡಿಯೋಗೆ ಬಂದರು. ಕೂರಲಿಲ್ಲ.

"ನೋಡಿದೆ ನಿಮ್ಮ ಫೋಟೋ. ಎದೆ ಮೇಲಿನ ಬ್ಯಾಡ್ಜ್ ಬಣ್ಣ ನೋಡಿ ನಾನೇ ಅಂತ ಕಂಡುಹಿಡಿದೆ. ಸಾಹೇಬರು ಒಪ್ಪಿರಬಹುದು, ಅವರನ್ನ ಯಾರೂ ಗಾಬರಿಯಲ್ಲಿ ಹುಡುಕ್ಕೊಂಡು ಬರಲ್ಲ. ನನ್ನ ಹುಡುಕ್ತಾರೆ."

"ನಿಜ ಸಿಸ್ಟರ್," ಎಂದರು ಭಾವ. ಅಷ್ಟು ಬೇಗ ಒಪ್ಪಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸಿಸ್ಟರ್ ಕೈಚೀಲದಿಂದ ಒಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನೇರಳೆ ಬಣ್ಣದ ಚೌಕಟ್ಟು, ಅಂಚಿನಲ್ಲಿ ಸಣ್ಣ ಹೂವು. "ವಾರ್ಡಿನ ಡ್ರಾಯರಲ್ಲಿ ಇಂಥವು ಒಂಬತ್ತಿವೆ. ರೋಗಿಗಳು ಮರೆತು ಹೋಗಿರೋದು. ಇದಕ್ಕೆ ಆರು ತಿಂಗಳಿಂದ ಯಾರೂ ಬಂದಿಲ್ಲ. ಓದೋ ಕನ್ನಡಕ. ಹಾಕ್ಕೊಳ್ಳಿ."

"ಇದು ಹೆಂಗಸರದ್ದು."

"ಕಣ್ಣಿಗೆ ಗೊತ್ತಾಗಲ್ಲ. ಹಾಕ್ಕೊಳ್ಳಿ ಅಂದೆ."

ಇಂಜೆಕ್ಷನ್ನಿಗೆ ತೋಳು ಒಡ್ಡುವವರಂತೆ ಭಾವ ಹಾಕಿಕೊಂಡರು. ಮೊದಲು ತಮ್ಮ ಅಂಗೈ ನೋಡಿದರು. ಉಗುರು ನೋಡಿದರು. ಆಮೇಲೆ ಎದ್ದು ಗೋಡೆಯ ಬಳಿಗೆ ಹೋಗಿ, ತೂಗುಹಾಕಿದ್ದ ಚಿತ್ರಗಳನ್ನು ಒಂದು ಗೇಣಿನಷ್ಟು ಹತ್ತಿರದಿಂದ ನೋಡುತ್ತ ಹೊರಟರು. ದೂರದಿಂದ ನೋಡಿದಾಗ ಅವೆಲ್ಲ ಚೆನ್ನಾಗಿಯೇ ಕಾಣುತ್ತಿದ್ದವು. ಮೇಲಿನ ಎರಡು ಸಾಲು, ಹಳೆಯವು, ಈಗಲೂ ಚೆನ್ನಾಗಿದ್ದವು. ಮೂರನೆಯ ಸಾಲಿನ ಮಧ್ಯದಲ್ಲಿ ಅವರ ಹೆಜ್ಜೆ ನಿಂತಿತು. ಅಲ್ಲಿಂದ ಮುಂದೆ ಕಿವಿಗಳು ಶುರುವಾಗಿದ್ದವು. ಚೊಕ್ಕವಾದ, ಹೊಳೆಯುವ ಕಿವಿಗಳು. ಮುಂದೆ ಹಿಟ್ಟು ಉದುರಿಸಿದಂಥ ಮುಖಗಳು. ಸುಮಾರು ನಾಲ್ಕು ವರ್ಷದ ಕೆಲಸ.

ಒಂದೊಂದಾಗಿ ಏಳು ಚಿತ್ರಗಳನ್ನು ಕೆಳಗಿಳಿಸಿ ಗೋಡೆಗೆ ಬೆನ್ನುಮಾಡಿ ಇಟ್ಟರು. ಎಂಟನೆಯದಕ್ಕೆ ಕೈ ಹಾಕಿದಾಗ ಅಕ್ಕ ಓಡಿ ಬಂದಳು. ಅದು ಅವಳ ಚಿತ್ರ.

"ಅದನ್ನ ಮುಟ್ಟಿದ್ರೆ ನೋಡಿ ಮತ್ತೆ! ಒಂದು ಸುಕ್ಕೂ ಇಲ್ಲದೆ ಬಂದಿರೋದು ಅದೊಂದೇ ಫೋಟೋ."

"ಇದು ತಪ್ಪಾಗಿದೆ ಕಣೇ. ಕಣ್ಣು ಎಲ್ಲಿದೆ ನೋಡು."

"ಇರೋ ಕಡೆನೇ ಇದೆ. ತೆಗೀಬೇಡಿ."

ಭಾವ ಆ ಕನ್ನಡಕದಲ್ಲೇ ತಿರುಗಿ ಅಕ್ಕನ ಮುಖವನ್ನು ಹತ್ತಿರದಿಂದ ನೋಡಿದರು. ಸ್ವಲ್ಪ ಹೊತ್ತೇ ನೋಡಿದರು. ನಾನೂ ಸಿಸ್ಟರೂ ಕಿಟಕಿಯ ಕಡೆಗೆ ತಿರುಗಿಕೊಂಡೆವು.

"ಚೆನ್ನಾಗಿದ್ದೀಯ," ಎಂದದ್ದು ಕೇಳಿಸಿತು. "ಸುಕ್ಕು ಇದೆ. ಚೆನ್ನಾಗಿದೆ."

"ಸಾಕು, ಸಿಸ್ಟರ್ ಇದ್ದಾರೆ," ಎಂದಳು ಅಕ್ಕ. ಚಿತ್ರ ಮಾತ್ರ ಕೆಳಗಿಳಿಯಲಿಲ್ಲ.

ಶನಿವಾರ ಭಾವ ಹೊಸ ಕ್ಯಾಮೆರಾದ ತೆರೆಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಅಂಗಡಿಗೆ ಹಿಂದಿರುಗಿಸಿದರು. ಕ್ಯಾಮೆರಾ ಒಳ್ಳೆಯದೇ, ತಪ್ಪು ತಮ್ಮದು ಎಂದು ಅಂಗಡಿಯವರಿಗೆ ಹೇಳಿದರಂತೆ. ಅವರು ಅದನ್ನು ಎಷ್ಟು ನಂಬಿದರೋ ಗೊತ್ತಿಲ್ಲ. ಆಮೇಲೆ ಆಸ್ಪತ್ರೆಗೆ ಹೋಗಿ, ಒಪ್ಪಿಗೆಯಾದ ಚಿತ್ರಗಳನ್ನು ತಾವೇ ತಿರಸ್ಕರಿಸಿ, ಇನ್ನೆರಡು ಬೆಳಗಿನ ಸಮಯ ಕೇಳಿಕೊಂಡರು. ಹೀಗೆ ಕೇಳಿದ ಗುತ್ತಿಗೆದಾರರನ್ನು ಆಡಳಿತಾಧಿಕಾರಿ ಈ ಮೊದಲು ಕಂಡಿರಲಿಲ್ಲವಾದ್ದರಿಂದ ಹೂಂ ಎಂದುಬಿಟ್ಟರು.

ಹಳೆಯ ಕ್ಯಾಮೆರಾದ ಟೇಪನ್ನು ಭಾವ ತಾವೇ ಬಿಚ್ಚಿ, ನೇರಳೆ ಕನ್ನಡಕ ಹಾಕಿಕೊಂಡೇ ತಿರುಪನ್ನು ಆರು ಗೀರು ತಿರುಗಿಸಿದರು. ಅಳತೆ ಟೇಪಿನ ಮೇಲೆ ಐದು ಸಲ ಪರೀಕ್ಷೆ ಮಾಡಿದೆವು: 50, 50, 50, 51, 50. ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ.

ಇನ್ನು ಸಿಸ್ಟರ್ ಅವರ ಕನ್ನಡಕದ ಹೊಳಪಿನ ಪ್ರಶ್ನೆ. ಬೆಳಕು ಯಾವ ಕೋನದಲ್ಲಿ ಗಾಜಿಗೆ ಬೀಳುತ್ತದೋ ಅದೇ ಕೋನದಲ್ಲಿ ತಿರುಗಿ ಹೋಗುತ್ತದೆ; ಎಂಟನೇ ತರಗತಿಯ ಪಾಠ. ಮತ್ತೆ ಫೋಟೋ ತೆಗೆಯುವ ದಿನ ಆಸ್ಪತ್ರೆಯಲ್ಲಿ ದೀಪದ ಸ್ಟ್ಯಾಂಡನ್ನು ಒಂದೂವರೆ ಅಡಿ ಮೇಲಕ್ಕೆ ಎಳೆದೆ. ಹೊಳಪು ಅವರ ಕನ್ನಡಕದಿಂದ ಜಾರಿ ಮಡಿಲಿಗೆ ಬಿದ್ದುಹೋಯಿತು. ಗಾಜಿನ ಹಿಂದೆ ಎರಡು ಕಣ್ಣು ನಿಚ್ಚಳವಾಗಿ ಕಂಡವು.

"ಅಷ್ಟೇನಾ?" ಎಂದರು ಸಿಸ್ಟರ್. "ಇಷ್ಟು ವರ್ಷ ಯಾಕೆ ಎಲ್ಲರ ಕನ್ನಡಕ ತೆಗೆಸ್ತಿದ್ರಿ?"

ಭಾವ ದೀಪದ ಕಡೆ ನೋಡಿದರು, ಸ್ಟ್ಯಾಂಡಿನ ತಿರುಪಿನ ಕಡೆ ನೋಡಿದರು. "ಸ್ಟ್ಯಾಂಡ್ ಎತ್ತೋಕೆ ಸೋಮಾರಿತನ," ಎಂದರು. ಇಪ್ಪತ್ತನಾಲ್ಕು ವರ್ಷದ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಈಗ ಗೋಡೆ ತುಂಬಿದೆ. ಮೂವತ್ತೆಂಟು ಜನ, ಅವರಲ್ಲಿ ಹದಿನಾಲ್ಕು ಜನ ಕನ್ನಡಕದಲ್ಲಿ. ಚಿತ್ರಗಳನ್ನು ತೂಗುಹಾಕಿದ ದಿನ ಆಡಳಿತಾಧಿಕಾರಿ ಹುಬ್ಬು ಗಂಟಿಕ್ಕಿದರು. "ಸಂಸ್ಥಾಪಕರು ಮಸುಕಾಗಿದ್ದಾರಲ್ಲ?"

"ಅವರು ತೀರಿಕೊಂಡು ಹತ್ತು ವರ್ಷ ಆಯ್ತು ಸರ್," ಎಂದರು ಸಿಸ್ಟರ್. "ಈಗ ಸ್ವಲ್ಪ ಮಸುಕಾದ್ರೆ ಏನೂ ಆಗಲ್ಲ."

ಭಾವ ನೋಟ್‌ಬುಕ್ಕಿನ ಮೊದಲ ಅಧ್ಯಾಯವನ್ನು ಅಡ್ಡಗೆರೆ ಎಳೆದು ಮುಚ್ಚಿದ್ದಾರೆ. ಮುಂದಿನ ಪುಟದಲ್ಲಿ ಮತ್ತೆ 'ನಿರ್ಧಾರ', ಮತ್ತೆ ಎರಡು ಗೆರೆ. ಹದಿನೆಂಟು ಹೆಜ್ಜೆ ನಡೆದು ಎದುರಿನ ಅಂಗಡಿಗೆ ಹೋಗಿ, ಹನ್ನೊಂದು ಚೌಕಟ್ಟುಗಳನ್ನು ಆರಿಸಿ ಬಂದಿದ್ದಾರೆ. ನೂರು ಅಂಕ, ಮೂಗಿನ ಮೇಲಿನ ಹಿಡಿತಕ್ಕೆ ಮೂವತ್ತು, ವ್ಯೂಫೈಂಡರಿಗೆ ತಾಗದಿರುವುದಕ್ಕೆ ಇಪ್ಪತ್ತೈದು. ಕನ್ನಡಕದ ಅಂಗಡಿಯವರು ಮೊನ್ನೆ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿ ಗೋಗರೆದರು: "ನಿಮ್ಮ ಭಾವನಿಗೆ ಹೇಳಿ, ಯಾವ್ದಾದ್ರೂ ಒಂದು ತಗೊಳ್ಳಲಿ. ನಾಲ್ಕು ವಾರ ಆಯ್ತು. ದಿನಾ ಬಂದು ಎಲ್ಲಾ ಹಾಕಿ ಹಾಕಿ ನೋಡಿ ಹೋಗ್ತಾರೆ."

ನಿರ್ಧಾರ ಇನ್ನೂ ಆಗಿಲ್ಲ. ಅಲ್ಲಿಯವರೆಗೆ ನೇರಳೆ ಚೌಕಟ್ಟಿನ, ಅಂಚಿನಲ್ಲಿ ಹೂವಿರುವ ಕನ್ನಡಕ ಹಾಕಿಕೊಂಡೇ ಭಾವ ಸ್ಟೂಲಿನ ಎದುರು ನಿಲ್ಲುತ್ತಾರೆ. ಕೂತವರು ಹಳೆಯ ಅಭ್ಯಾಸದಿಂದ ತಮ್ಮ ಕನ್ನಡಕಕ್ಕೆ ಕೈ ಹಾಕಿದರೆ, "ಇರ್ಲಿ, ಇರ್ಲಿ," ಎನ್ನುತ್ತ ದೀಪದ ಸ್ಟ್ಯಾಂಡನ್ನು ಮೇಲೆತ್ತುತ್ತಾರೆ. ಭಾವನ ಮುಖವನ್ನು ನೋಡಿದವರಿಗೆ ನಗು ಬರುತ್ತದೆ, ತಡೆದುಕೊಳ್ಳಲು ಆಗುವುದಿಲ್ಲ. ಫೋಟೋದಲ್ಲಿ ಅದೂ ಬೀಳುತ್ತದೆ, ಸ್ಪಷ್ಟವಾಗಿ.